ಹೊಸ ಹಚ್ಚೆ ಮಾಯುವವರೆಗೆ: ಮೊದಲ ರಾತ್ರಿಯಿಂದ ಮೂರನೇ ತಿಂಗಳವರೆಗಿನ ಆರೈಕೆ

ಅಂಗೈ ಅಗಲದ ಒಂದು ಹಚ್ಚೆ ಹಾಕಲು ಎರಡು ಮೂರು ಗಂಟೆ ಸಾಕು. ಅದು ಮೇಲ್ಮೇಲೆ ಮಾಯಲು ಎರಡರಿಂದ ನಾಲ್ಕು ವಾರ ಬೇಕು. ಒಳಗಿನ ಚರ್ಮ ಪೂರ್ತಿ ಕೂಡಿಕೊಳ್ಳಲು ಮೂರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಮೊದಲ ಮೂರು ಗಂಟೆಯಷ್ಟೇ ಕಲಾವಿದರ ಹೊಣೆ. ಆಮೇಲಿನದೆಲ್ಲ ನಿಮ್ಮ ಬಚ್ಚಲಲ್ಲಿ, ಹಾಸಿಗೆಯಲ್ಲಿ, ಬೈಕಿನ ಮೇಲೆ ನಡೆಯುತ್ತದೆ.

ಸೂಜಿ ಹಿಡಿಯುವ ಕೆಲಸದಲ್ಲಿರುವ ನನ್ನ ಅನುಭವದಲ್ಲಿ, ಕೆಟ್ಟುಹೋದ ಹಚ್ಚೆ ತೋರಿಸಲು ಬರುವವರಲ್ಲಿ ಸೋಮಾರಿಗಳು ಕಡಿಮೆ. ಹೆಚ್ಚಿನವರು ವಿಪರೀತ ಆರೈಕೆ ಮಾಡಿದವರು. ಗಂಟೆಗೊಮ್ಮೆ ಕ್ರೀಮು, ದಿನಕ್ಕೆ ಐದಾರು ಸಲ ಸೋಪು, ಅಮ್ಮ ಕೊಟ್ಟ ಅರಿಶಿನ, ಮೆಡಿಕಲ್ ಶಾಪಿನವರು ಕೊಟ್ಟ ಪೌಡರ್, ಗೆಳೆಯ ಹೇಳಿದ ಇನ್ನೊಂದು ಮುಲಾಮು. ಹೊಸ ಹಚ್ಚೆ ಎಂದರೆ ಒಂದು ಗಾಯ. ಅದನ್ನು ಶುಚಿಯಾಗಿ, ತೆಳುವಾಗಿ ತೇವವಾಗಿ ಇಟ್ಟು, ಉಳಿದ ಹೊತ್ತು ಅದರ ಪಾಡಿಗೆ ಬಿಡಬೇಕು. ಕೆಳಗೆ ಬರೆದದ್ದರಲ್ಲಿ ಅರ್ಧದಷ್ಟು ‘ಇದನ್ನು ಮಾಡಬೇಡಿ’ ಎಂಬುದೇ ಇರುವುದು ಅದಕ್ಕಾಗಿ.

ಚರ್ಮದೊಳಗೆ ನಡೆಯುವುದೇನು?

ಸೂಜಿ ಇಳಿಯುವುದು ಸುಮಾರು ಒಂದರಿಂದ ಎರಡು ಮಿಲಿಮೀಟರ್. ಮೇಲ್ಚರ್ಮವನ್ನು ದಾಟಿ ಅದರಡಿಯ ಒಳಚರ್ಮದಲ್ಲಿ ಶಾಯಿ ಕೂರಬೇಕು. ಮೇಲ್ಚರ್ಮ ಸದಾ ಉದುರಿ ಹೊಸದಾಗುತ್ತಿರುತ್ತದೆ. ಅಲ್ಲಿ ಸಿಕ್ಕಿಕೊಂಡ ಶಾಯಿ ಅದರ ಜೊತೆಗೇ ಹೋಗಿಬಿಡುತ್ತದೆ. ಎರಡನೇ ವಾರ ಬಣ್ಣದ ಸಿಪ್ಪೆ ಎದ್ದು ಬಂದಾಗ ‘ಅಯ್ಯೋ, ಹಚ್ಚೆಯೇ ಕಿತ್ತು ಬರ್ತಿದೆ’ ಎಂದು ಫೋನ್ ಮಾಡುವವರಿಗೆ ನಾವು ಹೇಳುವುದು ಇದನ್ನೇ: ಹೋಗುತ್ತಿರುವುದು ಹೇಗೂ ಹೋಗಬೇಕಾದ ಪದರ.

ಒಳಚರ್ಮಕ್ಕೆ ಇಳಿದ ಶಾಯಿಯನ್ನು ದೇಹ ಹೊರಗಿನ ಕಸವೆಂದೇ ತಿಳಿದು, ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳನ್ನು ಕಳಿಸಿ ನುಂಗಿಸುತ್ತದೆ. ನುಂಗಿದರೂ ಅರಗಿಸಿಕೊಳ್ಳಲು ಅವಕ್ಕೆ ಆಗುವುದಿಲ್ಲ. 2018ರಲ್ಲಿ ಫ್ರಾನ್ಸಿನ ಮಾರ್ಸೆಯ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದಂತೆ, ಈ ಕೋಶ ಸತ್ತಾಗ ಬಿಟ್ಟ ಶಾಯಿಯನ್ನು ಪಕ್ಕಕ್ಕೆ ಬಂದ ಹೊಸ ಕೋಶ ಮತ್ತೆ ನುಂಗಿ ಅಲ್ಲೇ ಕೂರುತ್ತದೆ. ಹಚ್ಚೆ ವರ್ಷಗಟ್ಟಲೆ ನಿಲ್ಲುವುದು ಈ ಕೈಬದಲಾವಣೆಯಿಂದ. ಮೊದಲ ವಾರದ ಕೆಂಪು, ಬಿಸಿ, ಬಾವು ಈ ಕೆಲಸದ ಆರಂಭ. ಅದನ್ನು ಪೂರ್ತಿ ಅಡಗಿಸಿಬಿಡುವ ಮದ್ದು ಹುಡುಕಬೇಡಿ.

ಸೂಜಿ ತಾಗುವ ಮೊದಲೇ ಮುಗಿಸಬೇಕಾದ್ದು

ದಿನ ಆರಿಸುವುದರಲ್ಲೇ ಅರ್ಧ ಆರೈಕೆ ಮುಗಿಯುತ್ತದೆ. ಮುಂದಿನ ನಾಲ್ಕು ವಾರಗಳಲ್ಲಿ ಗೋಕರ್ಣ ಅಥವಾ ಮಲ್ಪೆಯ ಸಮುದ್ರ, ಧರ್ಮಸ್ಥಳದ ನೇತ್ರಾವತಿ ಸ್ನಾನ, ಹೋಳಿ, ದೀಪಾವಳಿಯ ಎಣ್ಣೆಸ್ನಾನ, ಈಜಿನ ಕ್ಲಾಸು ಇವು ಯಾವುವಾದರೂ ಇದ್ದರೆ ಮುಂದೂಡಿ. ಮನೆಯಲ್ಲಿ ಮದುವೆ ಇದ್ದರೂ ಅಷ್ಟೇ. ರೇಷ್ಮೆ ಸೀರೆಯ ಜರಿ ಅಂಚು ಹೊಸ ಹಚ್ಚೆಯ ಮೇಲೆ ಉಜ್ಜಿದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಮದುಮಗಳ ತಂಗಿಯಂದಿರನ್ನು ಕೇಳಿ. ಕರಾವಳಿಯವರು ಮಳೆಗಾಲ ಬಿಟ್ಟು ಹಾಕಿಸಿಕೊಂಡರೆ ಒಳ್ಳೆಯದು: ಬಟ್ಟೆ ಒಣಗದ ಆ ತಿಂಗಳುಗಳಲ್ಲಿ ಚರ್ಮವೂ ಒಣಗುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗಾಯ ಮಾಯ್ದ ಮೇಲೆ ದಪ್ಪ ಗಂಟಾಗಿ ಉಬ್ಬುವ ಕೆಲಾಯ್ಡ್ ಸ್ವಭಾವದವರು ಮೊದಲು ವೈದ್ಯರನ್ನು ಕೇಳಬೇಕು. ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಇನ್ನೊಂದು ಮಾತು ಶಾಯಿಯದು. 2011–12ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ಒಂದೇ ಕಡೆ ಹಚ್ಚೆ ಹಾಕಿಸಿಕೊಂಡ 19 ಮಂದಿಗೆ ಚರ್ಮದಲ್ಲಿ ಹಟಮಾರಿ ಸೋಂಕು ಬಂತು. ಮೂಲ ಹುಡುಕಿದರೆ, ತಯಾರಿಕೆಯಲ್ಲೇ ತೆಳುಮಾಡಿದ ಬೂದು ಶಾಯಿಯಲ್ಲಿ ಬ್ಯಾಕ್ಟೀರಿಯ ಸೇರಿತ್ತು. ಇಲ್ಲಿಯೂ 2025ರಲ್ಲಿ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಟ್ಯಾಟೂ ಶಾಯಿಯಲ್ಲಿನ ಲೋಹಗಳ ವಿಷಯ ಎತ್ತಿ, ಅದಕ್ಕೆ ಮಾನದಂಡ ಬೇಕೆಂದರು. ಬಾಟಲಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಸೂಜಿಯ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಶಾಯಿ ತೆಳುಮಾಡಲು ನಲ್ಲಿ ನೀರು ಬಳಸಿದರೆ ಎದ್ದು ಬನ್ನಿ. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತು ಜನರಿಗೆ ಹೆಸರು ಬರೆಯುವ ಯಂತ್ರದ ಮುಂದೆ ಕೈ ಚಾಚಿದರೆ, ಆಮೇಲಿನ ಯಾವ ಆರೈಕೆಯೂ ಹೆಪಟೈಟಿಸ್ ಬಿ ತಡೆಯುವುದಿಲ್ಲ.

ಮನೆಗೆ ತಂದಿಟ್ಟುಕೊಳ್ಳಬೇಕಾದ್ದು ಸ್ವಲ್ಪವೇ: ಪರಿಮಳವಿಲ್ಲದ ಸೌಮ್ಯ ಲಿಕ್ವಿಡ್ ಸೋಪು, ಕಿಚನ್ ಟಿಶ್ಯೂ ರೋಲು, ಪರಿಮಳವಿಲ್ಲದ ಲೋಷನ್, ಹಳೆಯ ಹತ್ತಿ ಬೆಡ್‌ಶೀಟು, ಸಡಿಲ ಹತ್ತಿ ಬಟ್ಟೆ.

ಮೊದಲ ರಾತ್ರಿ: ಸುತ್ತಿದ ಪ್ಲಾಸ್ಟಿಕ್ ಯಾವುದು?

ಸ್ಟುಡಿಯೊದಿಂದ ಹೊರಡುವಾಗ ಹಚ್ಚೆಯನ್ನು ಮುಚ್ಚಿ ಕಳಿಸುತ್ತಾರೆ. ಅದರಲ್ಲಿ ಎರಡು ಬಗೆ. ಯಾವುದೆಂದು ಅಲ್ಲೇ ಕೇಳಿಕೊಳ್ಳಿ, ಯಾಕೆಂದರೆ ಇವೆರಡರ ನಿಯಮ ಬೇರೆ ಬೇರೆ.

ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಆಗಿದ್ದರೆ ಅದು ದಾರಿಯ ಧೂಳಿನಿಂದ ಕಾಪಾಡಲು ಮಾತ್ರ. ಅದರೊಳಗೆ ಗಾಳಿಯಾಡುವುದಿಲ್ಲ, ಬೆವರು ಸೇರುತ್ತದೆ. ಕಲಾವಿದರು ಹೇಳಿದ ಕೆಲವೇ ಗಂಟೆಗಳಲ್ಲಿ ತೆಗೆದು ತೊಳೆಯಿರಿ, ಅದೇ ತುಂಡನ್ನು ಮತ್ತೆ ಸುತ್ತಬೇಡಿ.

ಅಂಟಿಕೊಳ್ಳುವ ತೆಳು ಪಾರದರ್ಶಕ ಹಾಳೆಯಾಗಿದ್ದರೆ ಅದು ‘ಸೆಕೆಂಡ್ ಸ್ಕಿನ್’. ಆಸ್ಪತ್ರೆಯಲ್ಲಿ ಗಾಯಕ್ಕೆ ಅಂಟಿಸುವ ಪಾಲಿಯುರಿಥೇನ್ ಫಿಲ್ಮಿನ ಜಾತಿಯದು. ಆವಿಯನ್ನು ಹೊರಬಿಡುತ್ತದೆ, ನೀರು ಮತ್ತು ಕ್ರಿಮಿಯನ್ನು ತಡೆಯುತ್ತದೆ. ಸಾಮಾನ್ಯವಾಗಿ ಮೊದಲ ಹಾಳೆಯನ್ನು ಒಂದು ದಿನದಲ್ಲಿ ಬದಲಿಸಿ, ಎರಡನೆಯದನ್ನು ಕೆಲವು ದಿನ ಬಿಡುತ್ತಾರೆ. ಅದರಡಿ ಕಪ್ಪು ನೀರು ಚೀಲದಂತೆ ತುಂಬಿಕೊಳ್ಳುವುದು ನೋಡಲು ಅಸಹ್ಯ, ಆದರೆ ಸಹಜ: ಪ್ಲಾಸ್ಮಾ (ರಕ್ತದ ತಿಳಿ ದ್ರವ), ಸ್ವಲ್ಪ ರಕ್ತ, ಹೆಚ್ಚಾದ ಶಾಯಿ. ಅಂಚು ಎದ್ದು ಸೋರಲು ಶುರುವಾದರೆ ಮಾತ್ರ ತಡಮಾಡದೆ ತೆಗೆಯಿರಿ. ಒಳಗೆ ಹೋದ ಬೆವರು, ಕೊಳೆ ಅಲ್ಲೇ ಕೂರುತ್ತದೆ. ಹಾಳೆಯ ಆಕಾರದಲ್ಲೇ ಚೌಕವಾಗಿ ಕೆಂಪೆದ್ದು ತುರಿಸಿದರೆ ಅದು ಅಂಟಿನ ಅಲರ್ಜಿ, ಆಗಲೂ ತೆಗೆಯಬೇಕು. ಬ್ಯಾಂಡೇಜು ಕಿತ್ತಂತೆ ಮೇಲಕ್ಕೆ ಎಳೆಯಬೇಡಿ. ಉಗುರು ಬೆಚ್ಚಗಿನ ನೀರು ಬಿಡುತ್ತಾ, ಒಂದು ಮೂಲೆ ಹಿಡಿದು ಚರ್ಮಕ್ಕೆ ಸಮಾನಾಂತರವಾಗಿ ಹಿಗ್ಗಿಸಿ. ಅಂಟು ತಾನಾಗಿ ಬಿಡುತ್ತದೆ.

ತೊಳೆಯುವ ಕ್ರಮ

ಇದೊಂದನ್ನು ಸರಿಯಾಗಿ ಮಾಡಿದರೆ ಮಿಕ್ಕ ತಪ್ಪುಗಳಲ್ಲಿ ಹಲವು ಮಾಫಿ. ಮೊದಲ ಕೆಲವು ದಿನ ದಿನಕ್ಕೆ ಎರಡು ಅಥವಾ ಮೂರು ಸಲ, ಆಮೇಲೆ ಎರಡು ಸಲ.

1. ಮೊದಲು ನಿಮ್ಮ ಕೈಯನ್ನು ಸೋಪು ಹಾಕಿ ತೊಳೆಯಿರಿ. ಫೋನು, ಬೈಕಿನ ಕೀಲಿ, ಬಾಗಿಲ ಚಿಲಕ ಮುಟ್ಟಿದ ಕೈ ನೇರ ಗಾಯಕ್ಕೆ ಹೋಗಬಾರದು.

2. ಉಗುರು ಬೆಚ್ಚಗಿನ ನೀರನ್ನು ಮಗ್ಗಿನಿಂದ ಹಚ್ಚೆಯ ಮೇಲಿಂದ ಇಳಿಯುವಂತೆ ಸುರಿಯಿರಿ. ಶವರಿನ ರಭಸವನ್ನು ನೇರ ಬಿಡಬೇಡಿ. ಗೀಸರಿನ ಸುಡುನೀರು ಬೇಡವೇ ಬೇಡ. ಟ್ಯಾಂಕರ್ ನೀರು ಕೆಂಪಗೋ ವಾಸನೆಯೋ ಇದ್ದರೆ ಮೊದಲ ವಾರದ ಮಟ್ಟಿಗೆ ಕಾಯಿಸಿ ಆರಿಸಿದ ನೀರು ಬಳಸಿ. ಒಂದು ತಂಬಿಗೆ ಸಾಕಾಗುತ್ತದೆ.

3. ಸೋಪನ್ನು ಅಂಗೈಯಲ್ಲಿ ನೊರೆ ಮಾಡಿಕೊಂಡು ಬೆರಳ ತುದಿಯಿಂದ ಮೃದುವಾಗಿ ಸವರಿ. ಮುಟ್ಟಿದಾಗ ಲೋಳೆಲೋಳೆ ಅನಿಸುತ್ತದಲ್ಲ, ಅದು ಒಸರಿದ ಪ್ಲಾಸ್ಮಾ. ಅದು ಒಣಗಿದರೆ ದಪ್ಪ ಹಕ್ಕಳೆ ಕಟ್ಟುತ್ತದೆ. ಹಕ್ಕಳೆ ಉದುರುವಾಗ ಶಾಯಿಯನ್ನೂ ಎಳೆದೊಯ್ಯುತ್ತದೆ. ಹಾಗಾಗಿ ಲೋಳೆ ಹೋಗುವವರೆಗೆ ತೊಳೆಯಬೇಕು, ಅಲ್ಲಿಗೆ ನಿಲ್ಲಿಸಬೇಕು. ಸ್ಪಂಜು, ಲೂಫಾ, ತೆಂಗಿನ ನಾರು ಹತ್ತಿರ ತರಬೇಡಿ.

4. ನೊರೆ ಪೂರ್ತಿ ಹೋಗುವಂತೆ ನೀರು ಹಾಕಿ, ಟಿಶ್ಯೂ ಒತ್ತಿ ತೆಗೆಯಿರಿ. ಉಜ್ಜಬಾರದು. ಮನೆಮಂದಿಯೆಲ್ಲ ಬಳಸುವ ಟವೆಲ್ಲು ಬೇಡ: ನೂಲಿನ ಎಳೆಯೂ ಅಂಟುತ್ತದೆ, ಹಿಂದಿನವರ ಕ್ರಿಮಿಯೂ ಅಂಟುತ್ತದೆ.

5. ಹತ್ತು ನಿಮಿಷ ಗಾಳಿಗೆ ಬಿಡಿ. ಒದ್ದೆ ಚರ್ಮದ ಮೇಲೆ ಮುಲಾಮು ಹಚ್ಚಿದರೆ ನೀರು ಕೆಳಗೇ ಸಿಕ್ಕಿಕೊಳ್ಳುತ್ತದೆ.

ಮೊದಲ ಎರಡು ದಿನ ಟಿಶ್ಯೂವಿಗೆ ಬಣ್ಣ ಹತ್ತುತ್ತದೆ. ಹಚ್ಚೆಯ ನಕ್ಷೆಯೇ ಅಚ್ಚೊತ್ತಿದಂತೆ ಬೆಡ್‌ಶೀಟಿನ ಮೇಲೆ ಮೂಡುವುದೂ ಉಂಟು. ಹಳೆಯ ಶೀಟು ಹಾಸಿ ಎಂದದ್ದು ಇದಕ್ಕೇ.

ಎಷ್ಟು ಹಚ್ಚಬೇಕು, ಏನು ಹಚ್ಚಬೇಕು

ಅಂಗೈ ಅಗಲದ ಹಚ್ಚೆಗೆ ಬಟಾಣಿ ಕಾಳಿನಷ್ಟು ಸಾಕು. ಹಚ್ಚಿ ಐದು ನಿಮಿಷದ ಮೇಲೂ ಅದು ಎಣ್ಣೆ ಸುರಿದಂತೆ ಹೊಳೆಯುತ್ತಿದ್ದರೆ ಹೆಚ್ಚಾಗಿದೆ ಎಂದರ್ಥ. ಟಿಶ್ಯೂ ಒತ್ತಿ ತೆಗೆದುಬಿಡಿ. ದಪ್ಪ ಪದರದಡಿ ಚರ್ಮ ಮೆತ್ತಗಾಗಿ ಬೆಳ್ಳಗಾಗುತ್ತದೆ, ಸಣ್ಣ ಗುಳ್ಳೆ ಏಳುತ್ತವೆ, ಗೆರೆ ಮಸುಕಾಗುತ್ತದೆ.

ಮೊದಲ ಎರಡು ಮೂರು ದಿನ ಸ್ಟುಡಿಯೊದವರು ಕೊಟ್ಟ ಮುಲಾಮು, ಆಮೇಲೆ ಪರಿಮಳವಿಲ್ಲದ ನೀರಿನಂಶದ ಲೋಷನ್. ವ್ಯಾಸಲೀನಿನ ಬಗ್ಗೆ ನಮ್ಮವರಲ್ಲೇ ಜಗಳವಿದೆ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಹಚ್ಚೆಯ ಚರ್ಮಕ್ಕೆ ನೀರಿನಂಶದ ಲೋಷನ್ ಹೇಳುತ್ತದೆ, ವ್ಯಾಸಲೀನಿನಂಥ ಪೆಟ್ರೋಲಿಯಂ ಜೆಲ್ಲಿಯಿಂದ ಬಣ್ಣ ಮಾಸಬಹುದು ಎನ್ನುತ್ತದೆ. ಮಂಗಳೂರಿನ ಸೆಕೆಗಂತೂ ನಾನು ಅದನ್ನು ಹೇಳುವುದೇ ಇಲ್ಲ. ಒಣಹವೆಯ ಕಲಬುರಗಿಯಲ್ಲಿ ಲೋಷನ್ನನ್ನು ದಿನಕ್ಕೆ ಇನ್ನೊಂದು ಸಲ ಹಚ್ಚಿದರಾಯಿತು.

ಈಗ ಮನೆಮದ್ದಿನ ವಿಷಯ. ‘ಒಂದು ಚಿಟಿಕೆ ಅರಿಶಿನ ಹಾಕು ಮಗಾ, ಬೇಗ ಒಣಗುತ್ತೆ’ ಎಂದು ಅಜ್ಜಿ ಹೇಳಿದರೆ ಅದರ ಹಿಂದೆ ಪರಂಪರೆಯೇ ಇದೆ. ಊರೂರು ತಿರುಗಿ ಹಚ್ಚೆ ಹೊಯ್ಯುತ್ತಿದ್ದ ಕೊರವಂಜಿಯರು ಚುಚ್ಚಿದ ಮೇಲೆ ಅರಿಶಿನ ತಿಕ್ಕುತ್ತಿದ್ದರು. ಅಜ್ಜಿಯ ಕೈ ಮೇಲಿನ ಹಸಿರು ಚುಕ್ಕಿಗಳು ಇನ್ನೂ ಇವೆಯಲ್ಲ ಎಂದರೆ ವಾದಿಸುವುದು ಕಷ್ಟ. ಆದರೆ ಅಂಗಡಿಯ ಪ್ಯಾಕೆಟ್ಟಿನ ಅರಿಶಿನಪುಡಿ ಕ್ರಿಮಿರಹಿತವಲ್ಲ, ಒಸರುವ ಗಾಯದಲ್ಲಿ ಉಂಡೆಕಟ್ಟುತ್ತದೆ, ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಅಜ್ಜಿಗೆ ಹೂಂ ಎನ್ನಿ, ಹಚ್ಚಬೇಡಿ. ಕೊಬ್ಬರಿ ಎಣ್ಣೆಯನ್ನು ಸಿಪ್ಪೆ ಪೂರ್ತಿ ಉದುರಿದ ಮೇಲೆ ಧಾರಾಳವಾಗಿ ಬಳಸಬಹುದು. ತೆರೆದ ಗಾಯಕ್ಕೆ ಬೇಡ.

ನಿಯೋಸ್ಪೊರಿನ್ ಪೌಡರ್ ಪ್ಲಾಸ್ಮಾ ಜೊತೆ ಸೇರಿ ಗಟ್ಟಿ ಹಕ್ಕಳೆ ಕಟ್ಟುತ್ತದೆ. ಅದರಲ್ಲಿರುವ ನಿಯೋಮೈಸಿನ್ ಚರ್ಮದ ಅಲರ್ಜಿಗೆ ಹೆಸರಾದದ್ದು. ನಮ್ಮ ಪ್ರತಿ ಮನೆಯ ಡಬ್ಬಿಯಲ್ಲಿರುವ ಸೋಫ್ರಾಮೈಸಿನ್ನಿನ ಫ್ರಾಮೈಸೆಟಿನ್ ಕೂಡ ಅದೇ ಕುಟುಂಬದ್ದು. ಸೋಂಕು ಇಲ್ಲದಿರುವಾಗ ಆಂಟಿಬಯಾಟಿಕ್ ಬೇಕಿಲ್ಲ, ಇದ್ದಾಗ ವೈದ್ಯರು ಬರೆದದ್ದೇ ಬೇಕು. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸ ಚರ್ಮವನ್ನೂ ಸುಡುತ್ತವೆ. ಎಲ್ಲಕ್ಕಿಂತ ಅಪಾಯದ್ದು, ತುರಿಕೆ ಎಂದರೆ ಸಾಕು ಚೀಟಿಯಿಲ್ಲದೆ ಕೈಗಿಡುವ ಸ್ಟಿರಾಯ್ಡ್ ಮಿಶ್ರಿತ ಕ್ರೀಮುಗಳು. ಕೆಂಪು ಮಾಯವಾಗಿ ವಾಸಿಯಾದಂತೆ ಕಾಣುತ್ತದೆ. ಒಳಗೆ ಗಾಯ ಕೂಡುವುದು ನಿಧಾನವಾಗುತ್ತದೆ, ಸೋಂಕಿದ್ದರೆ ಮರೆಯಾಗಿ ಬೆಳೆಯುತ್ತದೆ.

ಮೊದಲ ವಾರದ ದಿನಚರಿ

ನೋವಿದ್ದರೆ ಪ್ಯಾರಾಸಿಟಮಾಲ್ ಸಾಕು. ಮೊದಲ ದಿನ ಮದ್ಯ ಬೇಡ. ಸಿಗರೇಟು ಗಾಯ ಮಾಯುವುದನ್ನು ತಡಮಾಡುತ್ತದೆ. ಬಿಡಲು ನೆಪ ಬೇಕಿದ್ದವರಿಗೆ ಇದೊಂದು.

ಸೊಂಟದ ಹಚ್ಚೆಗೆ ಲಂಗದ ಲಾಡಿ ಮತ್ತು ಜೀನ್ಸಿನ ಬೆಲ್ಟು ಶತ್ರು. ಭುಜದ್ದಕ್ಕೆ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ. ಕಾಲಿನ ಗೆಣ್ಣಿನದಕ್ಕೆ ಗೆಜ್ಜೆ ಮತ್ತು ಸಾಕ್ಸು. ಮಣಿಕಟ್ಟಿನದಕ್ಕೆ ವಾಚು, ಬಳೆ. ಕಾಲಿನ ಹಚ್ಚೆ ಎಲ್ಲಕ್ಕಿಂತ ನಿಧಾನ, ಹೆಚ್ಚು ಹೊತ್ತು ನಿಂತರೆ ಬಾವೂ ಬರುತ್ತದೆ. ಸಂಜೆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿ. ಬೆಳಿಗ್ಗೆ ಶೀಟು ಅಂಟಿಕೊಂಡಿದ್ದರೆ ಕೀಳಬೇಡಿ. ಶೀಟನ್ನೂ ಎತ್ತಿಕೊಂಡು ಬಚ್ಚಲಿಗೆ ಹೋಗಿ ನೀರು ಹಾಕಿದರೆ ಬಿಡುತ್ತದೆ. ನಾಯಿ ಬೆಕ್ಕುಗಳಿಗೆ ಆ ಹಾಸಿಗೆಯಲ್ಲಿ ಜಾಗವಿಲ್ಲ. ಜಿಮ್ಮನ್ನು ಕೆಲವು ದಿನ ಬಿಡಿ, ಅಲ್ಲಿನ ಬೆಂಚು ಎಲ್ಲರ ಬೆವರಿನದು.

ಬೈಕಿನವರಿಗೆ ಒಂದು ವಿಶೇಷ ಸೂಚನೆ. ಮುಂಗೈಗೆ ಹಚ್ಚೆ ಹಾಕಿಸಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೋದರೆ ಬಿಸಿಲು, ಧೂಳು, ಹೊಗೆ ಮೂರೂ ಅಲ್ಲಿಗೇ ಬಂದು ಬೀಳುತ್ತವೆ. ಗಾಯ ಮುಚ್ಚುವವರೆಗೆ ಸನ್‌ಸ್ಕ್ರೀನ್ ಹಚ್ಚುವಂತಿಲ್ಲ. ಸಡಿಲವಾದ ತುಂಬುತೋಳಿನ ಹತ್ತಿ ಅಂಗಿಯೇ ದಾರಿ. ಬಿಗಿಯಾದ ನೈಲಾನ್ ಕೈಗವಸು ಹಾಕಬೇಡಿ, ಒಳಗೆ ಬೆವರಿ ಉಜ್ಜುತ್ತದೆ.

ತುರಿಕೆಯ ವಾರ

ನಾಲ್ಕನೆಯ ದಿನದ ಆಸುಪಾಸು ಚರ್ಮ ಬಿಗಿದು, ಹೊಟ್ಟಿನಂತೆ ಸಿಪ್ಪೆ ಏಳಲು ಶುರುವಾಗುತ್ತದೆ. ಜೊತೆಗೇ ತುರಿಕೆ. ತಾಳ್ಮೆಯ ನಿಜವಾದ ಪರೀಕ್ಷೆ ಸೂಜಿಯ ಕೆಳಗಲ್ಲ, ಇಲ್ಲಿ. ಕೆರೆದರೆ ಅಥವಾ ಅರ್ಧ ಎದ್ದ ಸಿಪ್ಪೆ ಕಿತ್ತರೆ ಬಿಳಿ ಮಚ್ಚೆ ಉಳಿಯುತ್ತದೆ, ಅದನ್ನು ತುಂಬಲು ಮತ್ತೆ ಸೂಜಿಯೇ ಬೇಕು. ತುರಿಸಿದಾಗ ಅಂಗೈಯಿಂದ ಮೆಲ್ಲಗೆ ತಟ್ಟಿ, ಶುಚಿಯಾದ ಬಟ್ಟೆಯಲ್ಲಿ ಸುತ್ತಿದ ತಣ್ಣನೆಯದೇನನ್ನಾದರೂ ಪಕ್ಕದಲ್ಲಿ ಒತ್ತಿ, ಇಲ್ಲವೇ ತೊಳೆದು ಒಂದು ತೆಳು ಪದರ ಲೋಷನ್ ಹಚ್ಚಿ. ಉಗುರು ಕತ್ತರಿಸಿಕೊಳ್ಳಿ, ನಿದ್ದೆಯಲ್ಲಿ ಕೈ ಯಾರ ಮಾತೂ ಕೇಳುವುದಿಲ್ಲ.

ಮಗ್ಗಿನ ಸ್ನಾನಕ್ಕೆ ಅಡ್ಡಿಯಿಲ್ಲ. ಮುಳುಗುವುದಕ್ಕೆ ಅಡ್ಡಿ: ಸ್ವಿಮ್ಮಿಂಗ್ ಪೂಲ್, ಕಲ್ಯಾಣಿ, ಕೆರೆ, ಹೊಳೆ, ಕಡಲು ಎಲ್ಲವೂ ಸಿಪ್ಪೆ ಪೂರ್ತಿ ಹೋಗುವವರೆಗೆ, ಅಂದರೆ ಕಡಿಮೆಯೆಂದರೂ ಮೂರ್ನಾಲ್ಕು ವಾರ. 2017ರಲ್ಲಿ ವೈದ್ಯಪತ್ರಿಕೆಯಲ್ಲಿ ಬಂದ ಒಂದು ಪ್ರಕರಣ: 31 ವರ್ಷದ ಒಬ್ಬಾತ ಕಾಲಿಗೆ ಹಚ್ಚೆ ಹಾಕಿಸಿ ಐದೇ ದಿನಕ್ಕೆ ಮೆಕ್ಸಿಕೊ ಕೊಲ್ಲಿಯಲ್ಲಿ ಈಜಿದ. ಬೆಚ್ಚನೆಯ ಉಪ್ಪುನೀರಿನಲ್ಲಿರುವ ವಿಬ್ರಿಯೊ ಎಂಬ ಬ್ಯಾಕ್ಟೀರಿಯ ಗಾಯದಿಂದ ಒಳಹೊಕ್ಕು ಆತ ತೀರಿಕೊಂಡ. ಆತನಿಗೆ ಮೊದಲೇ ಲಿವರ್ ಕಾಯಿಲೆಯಿತ್ತು, ಎಲ್ಲರಿಗೂ ಹಾಗಾಗುವುದಿಲ್ಲ. ಲಿವರ್ ತೊಂದರೆ ಇರುವವರು ಮಾತ್ರ ಈ ನಿಯಮದಲ್ಲಿ ರಿಯಾಯಿತಿ ಕೇಳಲೇಬೇಡಿ.

ವೈದ್ಯರ ಬಳಿ ಯಾವಾಗ?

ಕೆಂಪು ಮತ್ತು ಬಾವು ದಿನದಿಂದ ದಿನಕ್ಕೆ ಇಳಿಯಬೇಕು. ಮೂರನೇ ದಿನಕ್ಕಿಂತ ಐದನೇ ದಿನ ಹೆಚ್ಚಾಗಿದ್ದರೆ, ಕೆಂಪು ಹಚ್ಚೆಯ ಅಂಚು ದಾಟಿ ಹರಡುತ್ತಿದ್ದರೆ, ಹಳದಿ ಹಸಿರು ಕೀವು ಅಥವಾ ದುರ್ವಾಸನೆ ಬಂದರೆ ತಡಮಾಡಬೇಡಿ. ಜ್ವರ, ಚಳಿನಡುಕ, ಗಾಯದಿಂದ ಮೇಲಕ್ಕೆ ಹರಿಯುವ ಕೆಂಪು ಗೆರೆ ಕಂಡರೆ ಆ ದಿನವೇ ಆಸ್ಪತ್ರೆ. ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದು ಫೋಟೊ ತೆಗೆದಿಟ್ಟುಕೊಳ್ಳಿ, ಕೆಲವು ಗಂಟೆಯಲ್ಲಿ ಗೆರೆ ದಾಟಿದೆಯೇ ಎಂಬುದು ವೈದ್ಯರಿಗೆ ನೂರು ಮಾತಿಗಿಂತ ಉಪಯುಕ್ತ. ನಮ್ಮ ಕಡೆ ಫೋಟೊ ಕಳಿಸಿ ‘ಇದು ನಾರ್ಮಲ್ಲಾ?’ ಎಂದು ಕೇಳಬಹುದು, ಆದರೆ ಸೋಂಕಿಗೆ ಮದ್ದು ಹೇಳುವ ಕಲಾವಿದರನ್ನು ನಂಬಬೇಡಿ.

ಎರಡು ಲಕ್ಷಣ ತಡವಾಗಿ ಬರುತ್ತವೆ. ಒಂದು, ವಾರಗಳಾದ ಮೇಲೆ ಒಂದೇ ಬಣ್ಣದ ಭಾಗದಲ್ಲಿ, ಹೆಚ್ಚಾಗಿ ಬೂದು ನೆರಳಿನಲ್ಲಿ, ಸಣ್ಣ ಗುಳ್ಳೆಗಳ ಸಾಲು. ರೋಚೆಸ್ಟರ್‌ನಲ್ಲಿ ಕಂಡದ್ದು ಇಂಥದ್ದೇ, ಮಾಮೂಲಿ ಆಂಟಿಬಯಾಟಿಕ್ಕಿಗೆ ಬಗ್ಗುವುದಿಲ್ಲ. ಇನ್ನೊಂದು, ಕೆಂಪು ಶಾಯಿಯ ಭಾಗವಷ್ಟೇ ಉಬ್ಬಿ ತುರಿಸುವ ಅಲರ್ಜಿ. ಅದು ತಿಂಗಳುಗಳ, ವರ್ಷಗಳ ನಂತರವೂ ಬರಬಹುದು. ಎರಡಕ್ಕೂ ಚರ್ಮವೈದ್ಯರೇ ಬೇಕು.

ತಿಂಗಳ ನಂತರ

ಸಿಪ್ಪೆ ಹೋದ ಮೇಲೆ ಹಚ್ಚೆಯ ಮೇಲೆ ಮಂಜು ಕವಿದಂಥ ತೆಳು ಹೊಳಪು ಉಳಿಯುತ್ತದೆ, ಬಣ್ಣ ಮಂಕಾಗಿ ಕಾಣುತ್ತದೆ. ಹೊಸ ಮೇಲ್ಚರ್ಮ ಇನ್ನೂ ಹದಕ್ಕೆ ಬಂದಿಲ್ಲ ಅಷ್ಟೇ. ಈ ಹಂತದಲ್ಲೇ ಟಚ್‌ಅಪ್ ಕೇಳಿಕೊಂಡು ಬರುವವರು ಬಹಳ. ನಾಲ್ಕರಿಂದ ಆರು ವಾರ ಕಳೆಯದೆ ಒಳ್ಳೆಯ ಕಲಾವಿದರು ಸೂಜಿ ಮುಟ್ಟುವುದಿಲ್ಲ. ಆಗಲೂ ಖಾಲಿ ಬಿದ್ದ ಜಾಗವಿದ್ದರೆ ಹಗಲು ಬೆಳಕಿನಲ್ಲಿ ತೋರಿಸಿ.

ರಕ್ತದಾನ ಮಾಡುವವರು ನೆನಪಿಡಿ: ನಮ್ಮ ದೇಶದ ಮಾರ್ಗಸೂಚಿಯಂತೆ ಹಚ್ಚೆ ಹಾಕಿಸಿಕೊಂಡ ದಿನದಿಂದ 12 ತಿಂಗಳು ಕೊಡುವಂತಿಲ್ಲ. ಶಿಬಿರದಲ್ಲಿ ಕೇಳಿದಾಗ ತೋಳು ಮುಚ್ಚಿಕೊಳ್ಳಬೇಡಿ.

ಇನ್ನು ಬಿಸಿಲು. ಶಾಯಿಯನ್ನು ಮಾಸಿಸುವುದರಲ್ಲಿ ಅದರಷ್ಟು ಹಟಮಾರಿ ಬೇರೆ ಇಲ್ಲ. ಚರ್ಮ ಪೂರ್ತಿ ಮುಚ್ಚಿದ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ಹೊರಡುವ ಹದಿನೈದು ನಿಮಿಷ ಮೊದಲು ಹಚ್ಚಿ, ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬೆವರಿದರೆ, ಈಜಿದರೆ ಅದಕ್ಕೂ ಮೊದಲೇ. ಇದು ಮೂರು ತಿಂಗಳಿಗೆ ಮುಗಿಯುವ ಕೆಲಸವಲ್ಲ, ಹಚ್ಚೆ ಇರುವಷ್ಟು ಕಾಲದ್ದು.